ಬ್ಯಾಂಕ್ ವಿಲೀನದ ಲೆಕ್ಕ ಕಲಿಸುವ ಕಲಬುರಗಿಯ ಭಾನುವಾರದ ತರಗತಿ: ಸೇರುವವರಿಗೆ ಒಂದು ವಿಮರ್ಶೆ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ, ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಭಾನುವಾರಗಳಂದು ನಡೆಯುವ ಲೆಕ್ಕಪತ್ರ ತರಗತಿಯವರು ಈ ಬಾರಿ ಒಂದೇ ವಿಷಯವನ್ನು ಹಿಡಿದು ಕೊನೆಮುಟ್ಟಿಸಿದರು: ಒಂದು ಬ್ಯಾಂಕು ಇನ್ನೊಂದು ಬ್ಯಾಂಕನ್ನು ತನ್ನೊಳಗೆ ಸೇರಿಸಿಕೊಂಡಾಗ ಪುಸ್ತಕಗಳಲ್ಲಿ ಏನನ್ನು, ಯಾವ ಬೆಲೆಗೆ, ಎಲ್ಲಿ ಬರೆಯಬೇಕು ಎಂಬುದು. ಸಿಎ ಇಂಟರ್ ಮತ್ತು ಫೈನಲ್ ವಿದ್ಯಾರ್ಥಿಗಳು, ಆಡಿಟರ್ ಕಚೇರಿಗಳಲ್ಲಿ ಆರ್ಟಿಕಲ್‌ಶಿಪ್ ಮಾಡುತ್ತಿರುವವರು, ಪತ್ತಿನ ಸಹಕಾರ ಸಂಘಗಳ ಲೆಕ್ಕಿಗರು ಸೇರಿ ಕೋಣೆ ತುಂಬಿರುತ್ತಿತ್ತು. ಯಾದಗಿರಿ, ಬೀದರ್ ಕಡೆಯಿಂದ ರೈಲು ಹಿಡಿದು ಬರುವವರೂ ಇದ್ದರು. ಬ್ಯಾಂಕ್ ಶಾಖೆಗಳ ಆಡಿಟ್ ಕೆಲಸದಲ್ಲಿರುವ ನಾನು ಮೊದಲಿನಿಂದ ಕೊನೆಯವರೆಗೂ ಕೂತು ಕೇಳಿದ್ದೇನೆ. ಮುಂದಿನ ತಂಡಕ್ಕೆ ಸೇರಬೇಕೋ ಬೇಡವೋ ಎಂದು ಕೇಳುತ್ತಿರುವವರಿಗೆ ನನ್ನ ಉತ್ತರ, ಸೇರಿ ಎಂಬುದೇ. ಆದರೆ ಈ ತರಗತಿ ಯಾವುದರಲ್ಲಿ ಗಟ್ಟಿ, ಯಾವುದರಲ್ಲಿ ಕೈಕೊಡುತ್ತದೆ ಎಂಬುದನ್ನು ತಿಳಿದು ಸೇರುವುದು ಒಳ್ಳೆಯದು.

ನಮ್ಮ ಭಾಗದವರಿಗೆ ಈ ವಿಷಯ ಪಠ್ಯಪುಸ್ತಕದ ಒಂದು ಅಧ್ಯಾಯವಷ್ಟೇ ಅಲ್ಲ. ನಿಜಾಮರ ಕಾಲದಲ್ಲಿ, 1941ರಲ್ಲಿ ಹೈದರಾಬಾದ್ ಸಂಸ್ಥಾನದ ಬ್ಯಾಂಕಾಗಿ ಹುಟ್ಟಿ ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆದ ಬ್ಯಾಂಕು ಕಲಬುರಗಿ, ಬೀದರ್, ಯಾದಗಿರಿಗಳ ಎಷ್ಟೋ ಮನೆಗಳಿಗೆ ಮೊದಲ ಪಾಸ್‌ಬುಕ್ ಕೊಟ್ಟ ಬ್ಯಾಂಕು. ಅದು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು. ಕಲಬುರಗಿಯಲ್ಲೇ ಪ್ರಧಾನ ಕಚೇರಿ ಹೊಂದಿದ್ದ ಕೃಷ್ಣಾ ಗ್ರಾಮೀಣ ಬ್ಯಾಂಕು 2013ರಲ್ಲಿ ಬಳ್ಳಾರಿಯ ಪ್ರಗತಿ ಗ್ರಾಮೀಣ ಬ್ಯಾಂಕಿನೊಂದಿಗೆ ಕೂಡಿ ಪ್ರಗತಿ ಕೃಷ್ಣಾ ಆಯಿತು, 2019ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕಿನೊಂದಿಗೆ ಕೂಡಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು, 2025ರ ಮೇ 1ರಂದು ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕೂ ಅದರೊಂದಿಗೆ ಒಂದಾಯಿತು. ಸಿಂಡಿಕೇಟ್ ಬ್ಯಾಂಕು ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ ಸೇರಿದ್ದು 2020ರ ಏಪ್ರಿಲ್ 1ರಂದು. ಬೋರ್ಡು ಬದಲಾದದ್ದನ್ನು ಊರೆಲ್ಲ ನೋಡಿದೆ. ಒಳಗೆ ಲೆಡ್ಜರು ಹೇಗೆ ಬದಲಾಯಿತು ಎಂಬುದನ್ನು ಕನ್ನಡದಲ್ಲಿ ಕೂರಿಸಿ ಹೇಳಿಕೊಡುವವರು ಈ ಊರಲ್ಲಿ ನನಗೆ ಸಿಕ್ಕಿದ್ದು ಇದೇ ಮೊದಲು.

ತರಗತಿಯ ದೊಡ್ಡ ಗುಣ ಅದು ಶುರುವಾಗುವ ಜಾಗ. ಸಾಮಾನ್ಯವಾಗಿ ಈ ಪಾಠವನ್ನು ಷೇರು ವಿನಿಮಯದ ಅನುಪಾತದಿಂದ ಆರಂಭಿಸುತ್ತಾರೆ. ಸಿಂಡಿಕೇಟಿನ 1,000 ಷೇರಿಗೆ ಕೆನರಾದ 158 ಷೇರು ಎಂಬಂಥ ಅಂಕಿಗಳನ್ನು ಬೋರ್ಡಿನ ಮೇಲೆ ಬರೆದು, ಖರೀದಿ ಬೆಲೆಯನ್ನು ಲೆಕ್ಕಹಾಕಿಸಿ, ಜರ್ನಲ್ ನಮೂದಿಗೆ ಹಾರುತ್ತಾರೆ. ಇಲ್ಲಿನ ಮೇಷ್ಟ್ರು ಅದನ್ನೆಲ್ಲ ಪಕ್ಕಕ್ಕಿಟ್ಟು, ಸೇರಿಹೋಗಲಿರುವ ಬ್ಯಾಂಕಿನ ಒಂದು ಶಾಖೆಯ ಟ್ರಯಲ್ ಬ್ಯಾಲೆನ್ಸನ್ನು, ಅಂದರೆ ಎಲ್ಲ ಖಾತೆಗಳ ಶಿಲ್ಕಿನ ಪಟ್ಟಿಯನ್ನು, ಎಲ್ಲರ ಕೈಗೂ ಕೊಟ್ಟು, ಅದರ ಒಂದೊಂದು ಸಾಲನ್ನೂ ಹೊಸ ಬ್ಯಾಂಕಿನ ಪುಸ್ತಕಕ್ಕೆ ದಾಟಿಸಲು ಹೇಳುತ್ತಾರೆ. ಹಾಗೆ ದಾಟಿಸುವಾಗಲೇ ನಿಜವಾದ ಪ್ರಶ್ನೆಗಳು ಎದ್ದು ನಿಲ್ಲುತ್ತವೆ. ಎರಡೂ ಬ್ಯಾಂಕುಗಳು ಪರಸ್ಪರರಲ್ಲಿ ಇಟ್ಟ ಹಣ ವಿಲೀನದ ಮರುದಿನ ಆಸ್ತಿಯೂ ಅಲ್ಲ, ಹೊಣೆಯೂ ಅಲ್ಲ. ಎರಡೂ ಕಡೆಯಿಂದ ಅದನ್ನು ಹೊಡೆದುಹಾಕಬೇಕು, ಮತ್ತು ಹೊಡೆದುಹಾಕುವಾಗ ಎರಡೂ ಪುಸ್ತಕಗಳ ಅಂಕಿ ತಾಳೆಯಾಗದಿದ್ದರೆ ಆ ವ್ಯತ್ಯಾಸ ಎಲ್ಲಿಂದ ಬಂತೆಂದು ಹುಡುಕಬೇಕೇ ಹೊರತು ಸಸ್ಪೆನ್ಸ್ ಖಾತೆಗೆ ತಳ್ಳಿ ಕೈತೊಳೆದುಕೊಳ್ಳಬಾರದು.

ಅದಕ್ಕಿಂತ ಚೆನ್ನಾಗಿ ಹೇಳಿಕೊಟ್ಟದ್ದು ಸಾಲಗಾರನ ವಿಚಾರ. ಅವರು ತೆಗೆದುಕೊಂಡ ಉದಾಹರಣೆ ಚಿತ್ತಾಪುರ ಕಡೆಯ ಒಬ್ಬ ತೊಗರಿ ಬೆಳೆಗಾರನದು. ಅವನ ಬೆಳೆ ಸಾಲ ಒಂದು ಬ್ಯಾಂಕಿನಲ್ಲಿ, ಟ್ರ್ಯಾಕ್ಟರ್ ಸಾಲ ಇನ್ನೊಂದರಲ್ಲಿ. ಬೆಳೆ ಸಾಲ ಎರಡು ಹಂಗಾಮು ಬಾಕಿಬಿದ್ದು ಎನ್‌ಪಿಎ, ಅಂದರೆ ವಸೂಲಾಗದ ಸಾಲ, ಆಗಿದೆ. ಟ್ರ್ಯಾಕ್ಟರಿನ ಕಂತುಗಳು ಸರಿಯಾಗಿ ಬರುತ್ತಿವೆ, ಆದ್ದರಿಂದ ಆ ಬ್ಯಾಂಕಿನಲ್ಲಿ ಅವನು ಒಳ್ಳೆಯ ಗಿರಾಕಿ. ವಿಲೀನವಾದ ದಿನ ಎರಡು ಗ್ರಾಹಕ ಸಂಖ್ಯೆಗಳು ಒಂದಾಗುತ್ತವೆ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಸಾಲದ ವರ್ಗೀಕರಣ ನಡೆಯುವುದು ಸಾಲಗಾರನ ಲೆಕ್ಕದಲ್ಲೇ ಹೊರತು ಖಾತೆಯ ಲೆಕ್ಕದಲ್ಲಲ್ಲ. ಹಾಗಾಗಿ ಕಂತು ತಪ್ಪದ ಟ್ರ್ಯಾಕ್ಟರ್ ಸಾಲವೂ ಎನ್‌ಪಿಎ ಆಗುತ್ತದೆ. ನಾಲ್ಕು ಲಕ್ಷ ರೂಪಾಯಿಯ ಆ ಸಾಲಕ್ಕೆ ನಿನ್ನೆಯವರೆಗೆ ಶೇ 0.25ರಂತೆ 1,000 ರೂಪಾಯಿ ಪ್ರಾವಿಷನ್, ಅಂದರೆ ನಷ್ಟಕ್ಕೆಂದು ತೆಗೆದಿಡುವ ಹಣ, ಸಾಕಿತ್ತು. ಇವತ್ತು ಶೇ 15ರಂತೆ 60,000 ಬೇಕು, ಜೊತೆಗೆ ವಸೂಲಾಗದೆ ಆದಾಯವೆಂದು ಬರೆದುಕೊಂಡ ಬಡ್ಡಿಯನ್ನು ಹಿಂದಕ್ಕೆ ತೆಗೆಯಬೇಕು. ಹೊಲದಲ್ಲಿ, ಟ್ರ್ಯಾಕ್ಟರಿನಲ್ಲಿ, ರೈತನಲ್ಲಿ ಏನೂ ಬದಲಾಗಿಲ್ಲ. ಇಂಥ ಸಾವಿರಾರು ಖಾತೆಗಳು ಕೂಡಿದಾಗ, ಬ್ಯಾಂಕುಗಳು ವಿಲೀನದ ನಂತರದ ತ್ರೈಮಾಸಿಕದಲ್ಲಿ ಎನ್‌ಪಿಎ ಏರಿಕೆಯನ್ನು ಏಕೆ ತೋರಿಸುತ್ತವೆ ಎಂಬುದು ತಾನಾಗಿಯೇ ಅರ್ಥವಾಗುತ್ತದೆ. ಈ ಹೊರೆ ಲಾಭ-ನಷ್ಟ ಖಾತೆಗೆ ಹೋಗಬೇಕು, ಲೆಕ್ಕನೀತಿಯನ್ನೇ ಬದಲಿಸಿದ್ದರೆ ಅದರ ಪರಿಣಾಮವನ್ನು ಲೆಕ್ಕಪತ್ರ ಮಾನದಂಡ (ಎಎಸ್) 5ರ ಪ್ರಕಾರ ಬೇರೆಯಾಗಿ ತೋರಿಸಬೇಕು, ಎರಡನ್ನೂ ಕಲಸಬಾರದು ಎಂದು ಅವರು ಒತ್ತಿ ಹೇಳಿದ್ದು ನನಗೆ ತುಂಬ ಹಿಡಿಸಿತು. ಶಾಖೆಗಳ ಕಾಗದಗಳಲ್ಲಿ ಈ ಎರಡನ್ನು ಕಲಸಿಟ್ಟಿರುವುದನ್ನು ನಾನು ಕಂಡಿದ್ದೇನೆ.

ಇನ್ನು ಎರಡು ವಿಧಾನಗಳ ಪಾಠ. ವಿಲೀನಕ್ಕಿರುವ ಮಾನದಂಡ ಎಎಸ್ 14 ಎರಡು ದಾರಿ ಕೊಡುತ್ತದೆ: ಎರಡೂ ಪುಸ್ತಕಗಳನ್ನು ಇದ್ದಂತೆ ಕೂಡಿಸುವ ಪೂಲಿಂಗ್ ವಿಧಾನ ಮತ್ತು ವಿಲೀನವನ್ನು ಖರೀದಿಯೆಂದು ನೋಡುವ ಪರ್ಚೇಸ್ ವಿಧಾನ. ಸೇರಿಹೋಗುವ ಸಂಸ್ಥೆಯ ಎಲ್ಲ ಆಸ್ತಿ-ಹೊಣೆಗಳು ಬರಬೇಕು, ಮುಖಬೆಲೆಯಲ್ಲಿ ಶೇ 90ಕ್ಕೆ ಕಡಿಮೆಯಿಲ್ಲದ ಷೇರುದಾರರು ಹೊಸ ಸಂಸ್ಥೆಯ ಷೇರುದಾರರಾಗಬೇಕು, ಪೂರ್ತಿ ಒಂದು ಷೇರಾಗದ ತುಣುಕಿಗೆ ಕೊಡುವ ಹಣ ಬಿಟ್ಟರೆ ಪರಿಹಾರ ಷೇರಿನಲ್ಲೇ ಇರಬೇಕು, ವ್ಯವಹಾರ ಮುಂದುವರಿಯಬೇಕು, ಲೆಕ್ಕನೀತಿಯನ್ನು ಒಂದಾಗಿಸುವುದಕ್ಕಲ್ಲದೆ ಪುಸ್ತಕಬೆಲೆಯನ್ನು ತಿದ್ದಬಾರದು. ಈ ಐದೂ ಈಡೇರಿದರೆ ಪೂಲಿಂಗ್, ಇಲ್ಲದಿದ್ದರೆ ಪರ್ಚೇಸ್. ಇವನ್ನು ಬಾಯಿಪಾಠ ಮಾಡಿಸುವ ತರಗತಿಗಳು ಬೇಕಾದಷ್ಟಿವೆ. ಇಲ್ಲಿ ಒಂದೇ ಬ್ಯಾಂಕನ್ನು ಎರಡೂ ವಿಧಾನದಲ್ಲಿ ಮಾಡಿಸಿದರು, ಆ ಲೆಕ್ಕವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಸೇರಿಹೋಗುವ ಬ್ಯಾಂಕಿನ ಪುಸ್ತಕದಲ್ಲಿ ಪ್ರಾವಿಷನ್ ಕಳೆದು 960 ಕೋಟಿ ಸಾಲ, 300 ಕೋಟಿ ಸರ್ಕಾರಿ ಬಾಂಡು, 10 ಕೋಟಿ ಕಟ್ಟಡ, 80 ಕೋಟಿ ನಗದು. ಠೇವಣಿ 1,230 ಕೋಟಿ. ಉಳಿದ 120 ಕೋಟಿ ಅದರ ನಿವ್ವಳ ಸಂಪತ್ತು. ಅದರಲ್ಲಿ ಷೇರು ಬಂಡವಾಳ 40, ಮೀಸಲು 80. ಸೇರಿಸಿಕೊಳ್ಳುವ ಬ್ಯಾಂಕು ಕೊಡುವ ಷೇರುಗಳ ಮುಖಬೆಲೆ 25 ಕೋಟಿ, ಮಾರುಕಟ್ಟೆ ಬೆಲೆ 140 ಕೋಟಿ. ಪೂಲಿಂಗ್‌ನಲ್ಲಿ ಎಲ್ಲವೂ ಪುಸ್ತಕಬೆಲೆಯಲ್ಲೇ ದಾಟುತ್ತವೆ: 25 ಕೋಟಿ ಬಂಡವಾಳ, 80 ಕೋಟಿ ಹಳೆಯ ಮೀಸಲು, ಬಂಡವಾಳಗಳ ನಡುವಿನ 15 ಕೋಟಿ ವ್ಯತ್ಯಾಸವೂ ಮೀಸಲಿಗೆ. ಒಟ್ಟು 120. ಗುಡ್‌ವಿಲ್, ಅಂದರೆ ಪಡೆದ ನಿವ್ವಳ ಆಸ್ತಿಗಿಂತ ಹೆಚ್ಚಾಗಿ ಕೊಟ್ಟ ಬೆಲೆ, ಎಂಬ ಮಾತೇ ಇಲ್ಲ.

ಈಗ ಅದನ್ನೇ ಖರೀದಿಯ ದಾರಿಯಲ್ಲಿ, ಅಂದರೆ ಅಂತರರಾಷ್ಟ್ರೀಯ ಮಾನದಂಡಗಳಿಗೆ ಹೊಂದಿಸಿದ ಹೊಸ ಮಾನದಂಡ ಇಂಡ್ ಎಎಸ್ 103ರ ಸ್ವಾಧೀನ ವಿಧಾನದಲ್ಲಿ ನೋಡಬೇಕು. ಸಾಲಗಳಿಗೆ ಇಂದು ಮಾರುಕಟ್ಟೆಯಲ್ಲಿ 930 ಕೋಟಿಯಷ್ಟೇ ಬೆಲೆ, ಬಡ್ಡಿದರ ಏರಿದ್ದರಿಂದ ಬಾಂಡುಗಳಿಗೆ 280, ಹಳೆಯ ಕಟ್ಟಡಕ್ಕೆ ಮಾತ್ರ 35, ಜೊತೆಗೆ ಕಡಿಮೆ ಬಡ್ಡಿಯ ಉಳಿತಾಯ ಖಾತೆಗಳ ಗಿರಾಕಿಗಳನ್ನು ಪಡೆದದ್ದಕ್ಕೆ 15 ಕೋಟಿಯ ಅಗೋಚರ ಆಸ್ತಿ. ಠೇವಣಿ ಕಳೆದರೆ ಉಳಿಯುವುದು 110 ಕೋಟಿ, ಕೊಟ್ಟದ್ದು 140, ಹಾಗಾಗಿ ಗುಡ್‌ವಿಲ್ 30. ಬಂಡವಾಳ ಮತ್ತು ಷೇರು ಪ್ರೀಮಿಯಂ ಸೇರಿ 140 ಕೋಟಿ ಕಾಣುತ್ತದೆಯಾದ್ದರಿಂದ ಈ ವಿಧಾನದಲ್ಲಿ ಬ್ಯಾಂಕು ಬಲವಾಯಿತೆಂದು ವಿದ್ಯಾರ್ಥಿಗಳು ಕೂಡಲೇ ಹೇಳಿಬಿಡುತ್ತಾರೆ. ಆದರೆ ಬ್ಯಾಂಕುಗಳ ಬಂಡವಾಳಕ್ಕಿರುವ ಅಂತರರಾಷ್ಟ್ರೀಯ ಬಾಸೆಲ್ ನಿಯಮದಲ್ಲಿ ಮೂಲ ಬಂಡವಾಳ ಲೆಕ್ಕಹಾಕುವಾಗ ಗುಡ್‌ವಿಲ್ ಮತ್ತು ಅಗೋಚರ ಆಸ್ತಿಗಳನ್ನು ಕಳೆಯಲೇಬೇಕು. 30 ಮತ್ತು 15 ಕಳೆದಾಗ ಉಳಿಯುವುದು 95 ಕೋಟಿ. ಪೂಲಿಂಗ್‌ನಲ್ಲಿ 120, ಇಲ್ಲಿ 95. ನಡುವಿನ 25 ಕೋಟಿ ಎಲ್ಲಿಂದ ಬಂತೆಂದರೆ, ಸಾಲದಲ್ಲಿ ಕರಗಿದ 30, ಬಾಂಡಿನಲ್ಲಿ ಕರಗಿದ 20, ಅದರಿಂದ ಕಟ್ಟಡದಲ್ಲಿ ಏರಿದ 25 ಕಳೆದರೆ ಸರಿಯಾಗಿ 25. ಎರಡೂ ವಿಧಾನಗಳಲ್ಲಿ ಬ್ಯಾಂಕು ಅದೇ, ಸಾಲಗಾರರು ಅವರೇ. ಒಂದು ಪುಸ್ತಕ ಆ ನಷ್ಟವನ್ನು ಇಂದೇ ಒಪ್ಪಿಕೊಳ್ಳುತ್ತದೆ, ಇನ್ನೊಂದು ಮುಂದಿನ ವರ್ಷಗಳಿಗೆ ಬಿಡುತ್ತದೆ. ಈ ಅಂಕಿಗಳನ್ನು ಅವರು ತಾಳೆಮಾಡಿ ತೋರಿಸಿದ ರೀತಿಗಾಗಿಯೇ ಈ ತರಗತಿಯ ಶುಲ್ಕ ಸಾರ್ಥಕ ಎಂದು ನಾನು ಭಾವಿಸುತ್ತೇನೆ.

ಇದರ ಬೆನ್ನಿಗೇ ನಮ್ಮ ದೇಶದ ಸ್ಥಿತಿಯನ್ನೂ ವಿವರಿಸಿದರು. ಬ್ಯಾಂಕುಗಳಿಗೆ ಇಂಡ್ ಎಎಸ್ ಜಾರಿಯನ್ನು ರಿಸರ್ವ್ ಬ್ಯಾಂಕು 2019ರ ಮಾರ್ಚಿನಲ್ಲಿ ಮುಂದಿನ ಆದೇಶದವರೆಗೆ ಮುಂದೂಡಿತು, ಹಾಗಾಗಿ ಬ್ಯಾಂಕುಗಳ ನಡುವಿನ ವಿಲೀನಕ್ಕೆ ಎಎಸ್ 14 ಅನ್ವಯಿಸುತ್ತದೆ. ಸ್ಟೇಟ್ ಬ್ಯಾಂಕು 2017ರ ವಿಲೀನವನ್ನು ಪೂಲಿಂಗ್‌ನಲ್ಲಿ ಬರೆಯಿತು. ಹೈದರಾಬಾದ್ ಬ್ಯಾಂಕಿನ ಷೇರುಗಳೆಲ್ಲ ಅದರ ಕೈಯಲ್ಲೇ ಇದ್ದುದರಿಂದ ಅಲ್ಲಿ ಹೊಸ ಷೇರು ಕೊಡುವ ಪ್ರಮೇಯವೇ ಬರಲಿಲ್ಲ, ಹೂಡಿಕೆಯನ್ನೂ ಷೇರು ಬಂಡವಾಳವನ್ನೂ ಎದುರುಬದುರು ಹೊಡೆದುಹಾಕಿದರೆ ಮುಗಿಯಿತು. ಮೈಸೂರು ಬ್ಯಾಂಕಿನ ಹೊರಗಿನ ಷೇರುದಾರರಿಗಾದರೆ 10 ಷೇರಿಗೆ ಸ್ಟೇಟ್ ಬ್ಯಾಂಕಿನ 22 ಷೇರು ಕೊಡಬೇಕಾಯಿತು. 2023ರ ಜುಲೈ 1ರಂದು ಗೃಹಸಾಲ ಸಂಸ್ಥೆ ಎಚ್‌ಡಿಎಫ್‌ಸಿ ಲಿಮಿಟೆಡ್ ಎಚ್‌ಡಿಎಫ್‌ಸಿ ಬ್ಯಾಂಕಿನಲ್ಲಿ ಸೇರಿದಾಗಲೂ ಪೂಲಿಂಗ್ ವಿಧಾನವೇ. ಆದರೆ ಎಚ್‌ಡಿಎಫ್‌ಸಿ ಲಿಮಿಟೆಡ್ ಅಲ್ಲಿಯವರೆಗೆ ಇಂಡ್ ಎಎಸ್‌ನಲ್ಲಿ ಲೆಕ್ಕ ಇಟ್ಟಿದ್ದರಿಂದ ಮೊದಲು ಆ ಪುಸ್ತಕಗಳನ್ನು ಬ್ಯಾಂಕಿನ ನೀತಿಗೆ ಒಗ್ಗಿಸಬೇಕಿತ್ತು. ಲಕ್ಷ್ಮಿ ವಿಲಾಸ್ ಬ್ಯಾಂಕಿನ ಪ್ರಕರಣ ಇವೆಲ್ಲಕ್ಕಿಂತ ಬೇರೆ: 2020ರ ನವೆಂಬರ್ 27ರಂದು ಅದು ಡಿಬಿಎಸ್ ಬ್ಯಾಂಕ್ ಇಂಡಿಯಾದಲ್ಲಿ ಸೇರಿದಾಗ ಷೇರು ಬಂಡವಾಳವನ್ನು ಪೂರ್ತಿ ಅಳಿಸಲಾಯಿತು, ಷೇರುದಾರರ ಕೈಗೆ ಏನೂ ಬರಲಿಲ್ಲ, ಆ ಶೇ 90ರ ಷರತ್ತು ಏಕೆ ಇದೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಕೊಟ್ಟದ್ದಕ್ಕಿಂತ ಪಡೆದದ್ದೇ ಹೆಚ್ಚಾದಾಗ ಏನಾಗುತ್ತದೆ ಎಂಬುದಕ್ಕೆ ಸ್ವಿಟ್ಜರ್‌ಲೆಂಡಿನ ಯುಬಿಎಸ್ ಬ್ಯಾಂಕನ್ನು ತೆಗೆದುಕೊಂಡರು. 2023ರ ಜೂನ್‌ನಲ್ಲಿ ಅದು ಕ್ರೆಡಿಟ್ ಸ್ವಿಸ್ ಬ್ಯಾಂಕನ್ನು ಸೇರಿಸಿಕೊಂಡಾಗ, ನ್ಯಾಯೋಚಿತ ಮೌಲ್ಯ ಕಟ್ಟಿದ ಮೇಲೂ ಪಡೆದ ನಿವ್ವಳ ಆಸ್ತಿಯು, ಕೊಟ್ಟ ಬೆಲೆಗಿಂತ ಎಷ್ಟೋ ಹೆಚ್ಚಿತ್ತು, ಮತ್ತು ಸುಮಾರು 2,900 ಕೋಟಿ ಡಾಲರ್ ಋಣ ಗುಡ್‌ವಿಲ್ ಲಾಭವಾಗಿ ಆ ತ್ರೈಮಾಸಿಕದಲ್ಲೇ ಕಾಣಿಸಿಕೊಂಡಿತು; ಆಮೇಲೆ ಮೌಲ್ಯಗಳನ್ನು ಮರುಪರಿಶೀಲಿಸಿ ಅದನ್ನು ತಗ್ಗಿಸಿದರು. ಅಳತೆಯನ್ನು ತಿದ್ದಿಕೊಳ್ಳಲು ಸ್ವಾಧೀನದ ದಿನದಿಂದ ಒಂದು ವರ್ಷದವರೆಗೆ ಅವಕಾಶವಿದೆ ಎಂಬ ನಿಯಮ ಇದರಿಂದ ಮನಸ್ಸಿನಲ್ಲಿ ನಿಲ್ಲುತ್ತದೆ.

ಕೊರತೆಗಳನ್ನೂ ಹೇಳಬೇಕು. ಎಲ್ಲಕ್ಕಿಂತ ದೊಡ್ಡದು ಮುಂದೂಡಿದ ತೆರಿಗೆಯದು, ಅಂದರೆ ಪುಸ್ತಕದ ಬೆಲೆಗೂ ತೆರಿಗೆ ಲೆಕ್ಕದ ಬೆಲೆಗೂ ಇರುವ ವ್ಯತ್ಯಾಸದಿಂದ ಮುಂದೆ ಕಟ್ಟಬೇಕಾಗುವ ಅಥವಾ ಉಳಿಯುವ ತೆರಿಗೆಯದು. ಮೇಲಿನ ಲೆಕ್ಕದಲ್ಲಿ ಆಸ್ತಿಗಳ ಮೌಲ್ಯ ಪುಸ್ತಕಬೆಲೆಗಿಂತ ನಿವ್ವಳ 10 ಕೋಟಿ ಇಳಿದಿದೆ. ತೆರಿಗೆಯ ಲೆಕ್ಕದಲ್ಲಿ ಹಳೆಯ ಬೆಲೆಯೇ ಮುಂದುವರಿದರೆ, ಶೇ 25ರ ದರದಲ್ಲಿ ಎರಡೂವರೆ ಕೋಟಿಯ ಮುಂದೂಡಿದ ತೆರಿಗೆ ಆಸ್ತಿ ಹುಟ್ಟುತ್ತದೆ, ಗುಡ್‌ವಿಲ್ 30ರಿಂದ 27.5 ಕೋಟಿಗೆ ಇಳಿಯುತ್ತದೆ. ಇದನ್ನು 'ಸದ್ಯಕ್ಕೆ ಬಿಡೋಣ' ಎಂದು ದಾಟಿಸಿಬಿಟ್ಟರು, ಮತ್ತೆ ಅದಕ್ಕೆ ಮರಳಲಿಲ್ಲ. ಫೈನಲ್ ಪರೀಕ್ಷೆಗೆ ಕೂರುವವರಿಗೆ ಇದು ನಷ್ಟವೇ ಸರಿ. ಹಾಗೆಯೇ, 930 ಕೋಟಿಗೆ ಬರೆದುಕೊಂಡ ಸಾಲಗಳು ಮುಂದೆ ಅದಕ್ಕಿಂತ ಹೆಚ್ಚು ವಸೂಲಾಗುತ್ತ ಹೋದಂತೆ ಆ ವ್ಯತ್ಯಾಸ ಬಡ್ಡಿ ಆದಾಯವಾಗಿ ಹರಿದು ಬಂದು ಲಾಭವನ್ನು ಹಿಗ್ಗಿಸುವ ವಿಚಾರಕ್ಕೆ ಒಂದೆರಡು ವಾಕ್ಯಗಳಷ್ಟೇ ಸಿಕ್ಕವು, ಅದು ಅರ್ಧ ದಿನದ ಪಾಠಕ್ಕೆ ಸಲ್ಲುವ ವಿಷಯ. ಗ್ರಾಮೀಣ ಬ್ಯಾಂಕುಗಳಲ್ಲಿ ಬಂಡವಾಳ ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ ಮತ್ತು ಪ್ರಾಯೋಜಕ ಬ್ಯಾಂಕುಗಳ ನಡುವೆ 50:15:35ರಂತೆ ಹಂಚಿಕೆಯಾಗಿರುತ್ತದೆ. ಅವುಗಳ ವಿಲೀನದ ಒಂದು ಲೆಕ್ಕವನ್ನಾದರೂ ನಮ್ಮ ಜಿಲ್ಲೆಗಳವರಿಗಾಗಿ ಮಾಡಿಸಬೇಕಿತ್ತು.

ಕೋಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ: ಹಿಂದಿನ ಬೆಂಚುಗಳಿಗೆ ಬೋರ್ಡಿನ ಕೆಳಭಾಗ ಕಾಣುವುದಿಲ್ಲ, ಬೇಸಿಗೆಯಲ್ಲಿ ಹತ್ತು ಗಂಟೆಯ ಮೇಲೆ ಕೂರುವುದು ಕಷ್ಟ. ಮುದ್ರಿತ ಟಿಪ್ಪಣಿ ಚೊಕ್ಕವಾಗಿದೆ, ಕನ್ನಡ ವಿವರಣೆ ಮತ್ತು ಪರೀಕ್ಷೆಯ ಇಂಗ್ಲಿಷ್ ಪದಗಳು ಪಕ್ಕಪಕ್ಕದಲ್ಲಿವೆ. ಕನ್ನಡ ಮಾಧ್ಯಮದಿಂದ ಬಿಕಾಂ ಮುಗಿಸಿದವರು ಇದೊಂದಕ್ಕಾಗಿಯೇ ಬರಬಹುದು. ಶುಲ್ಕ ಹೈದರಾಬಾದಿನ ಕೋಚಿಂಗ್‌ಗಳ ಮುಂದೆ ಕಡಿಮೆಯೇ, ಕಂತಿನಲ್ಲಿ ಕಟ್ಟಲೂ ಬಿಡುತ್ತಾರೆ.

ಆರ್ಟಿಕಲ್‌ಶಿಪ್‌ನಲ್ಲಿ ಇರುವವರು ಮತ್ತು ಸಂಘಗಳ ಲೆಕ್ಕ ನೋಡುವವರು ತಡಮಾಡದೆ ಸೇರಬಹುದು. ಫೈನಲ್ ವಿದ್ಯಾರ್ಥಿಗಳು ಮುಂದೂಡಿದ ತೆರಿಗೆಯನ್ನು ಬೇರೆ ಕಡೆ ಓದಿಕೊಂಡೇ ಬರಬೇಕು, ಇಲ್ಲವೇ ಮೊದಲ ಭಾನುವಾರವೇ ಮೇಷ್ಟ್ರನ್ನು ಕೇಳಿ ಅದಕ್ಕೊಂದು ದಿನ ಗೊತ್ತುಮಾಡಿಸಿಕೊಳ್ಳಬೇಕು. ಕೇಳಿದರೆ ಇಲ್ಲ ಎನ್ನುವವರಲ್ಲ.