ಗಣಿಯ ಚಾವಣಿಗೆ ರಾಡಾರ್ ಸಮೀಕ್ಷೆ: ಬಿರುಕು ಸಿಕ್ಕಿತು, ಆಳ ತಪ್ಪಿತು

ನೆಲದಡಿಯ ಗಣಿಯಲ್ಲಿ ಚಾವಣಿಯ ಬಂಡೆಯನ್ನು ಹಾರೆಯಿಂದ ತಟ್ಟಿ ಸದ್ದು ಕೇಳುವುದು ಇಂದಿಗೂ ರೂಢಿಯಲ್ಲಿದೆ. ಖಣ್ ಎಂದರೆ ಗಟ್ಟಿ, ಡಬ್ ಎಂದರೆ ಪೊಳ್ಳು. ಆದರೆ ಮೀಟರಿನಷ್ಟು ಒಳಗೆ ಪದರ ಬಿಟ್ಟಿದ್ದರೆ ಹಾರೆಗೆ ಅದು ತಿಳಿಯುವುದಿಲ್ಲ. ಆ ಕಾರಣಕ್ಕೇ ನಾವು ಖಾಸಗಿ ಸಂಸ್ಥೆಯೊಂದರಿಂದ ಜಿಪಿಆರ್, ಅಂದರೆ ನೆಲದೊಳಗನ್ನು ನೋಡುವ ರಾಡಾರ್‌ನಿಂದ ಸಮೀಕ್ಷೆ ಮಾಡಿಸಿದೆವು.

ಅವರು 400 ಮತ್ತು 900 ಮೆಗಾಹರ್ಟ್ಸ್‌ನ ಎರಡು ಆಂಟೆನಾ ತಂದಿದ್ದರು. 900ರದು ಸೂಕ್ಷ್ಮವಾಗಿ ತೋರಿಸುತ್ತದೆ, ಆದರೆ ಹೆಚ್ಚು ಆಳಕ್ಕೆ ಹೋಗುವುದಿಲ್ಲ. 400ರದು ಒಣಗಿದ ಕಠಿಣ ಶಿಲೆಯಲ್ಲಿ ಇನ್ನಷ್ಟು ಒಳಹೊಕ್ಕರೂ ಚಿತ್ರ ಒರಟು. ಸಿಡಿಮದ್ದಿನಿಂದ ಒಡೆದ ಚಾವಣಿ ಏರುತಗ್ಗಾಗಿರುವುದರಿಂದ ಆಂಟೆನಾವನ್ನು ಬಂಡೆಗೆ ಒತ್ತಿಹಿಡಿದು ಸಾಗಿಸುವುದೇ ದೊಡ್ಡ ಕೆಲಸವಾಯಿತು. ನಡುವೆ ಗಾಳಿ ಸಿಕ್ಕ ಕಡೆಯೆಲ್ಲ ಚಿತ್ರದಲ್ಲಿ ಬರೀ ಪಟ್ಟೆಗಳು.

ಹಾಗಿದ್ದರೂ ಹಾರೆಗೆ ಗಟ್ಟಿಯೆನಿಸಿದ್ದ ಒಂದು ಜಾಗದಲ್ಲಿ ರಾಡಾರ್ ಅಡ್ಡಬಿರುಕನ್ನು ಸ್ಪಷ್ಟವಾಗಿ ತೋರಿಸಿತು. ಅದರ ಪೂರ್ಣ ಶ್ರೇಯಸ್ಸು ಅವರಿಗೇ ಸಲ್ಲಬೇಕು.

ನನ್ನ ತಕರಾರು ವರದಿಯ ಬಗ್ಗೆ. ರಾಡಾರ್ ಅಳೆಯುವುದು ಅಲೆ ಹೋಗಿ ಮರಳುವ ಸಮಯವನ್ನು. ಶಿಲೆಯಲ್ಲಿ ಅಲೆಯ ವೇಗ ಗೊತ್ತಿದ್ದರೆ ಮಾತ್ರ ಅದು ಆಳವಾಗುತ್ತದೆ. ಇಲ್ಲಿ ಸಮಯ 26 ನ್ಯಾನೋಸೆಕೆಂಡ್. ನ್ಯಾನೋಸೆಕೆಂಡಿಗೆ 10 ಸೆಂಟಿಮೀಟರ್ ಎಂಬ ಅಂದಾಜು ವೇಗ ಹಿಡಿದು, ಬಿರುಕು 1.3 ಮೀಟರ್ ಆಳದಲ್ಲಿದೆ ಎಂದು ಬರೆದರು. ನಾವು ಚಾವಣಿಗೆ ರಂಧ್ರ ಕೊರೆದು ಕ್ಯಾಮೆರಾ ತೂರಿಸಿದಾಗ ಅದು 1.56 ಮೀಟರಿನಲ್ಲಿತ್ತು, ಅಂದರೆ ನಿಜವಾದ ವೇಗ 12 ಸೆಂಟಿಮೀಟರ್. ಸಡಿಲ ಪದರವನ್ನು ಮೇಲಿನ ಗಟ್ಟಿ ಬಂಡೆಗೆ ಬಿಗಿಯುವ ಸರಳುಗಳಾದ ನಮ್ಮ ರೂಫ್ ಬೋಲ್ಟ್‌ಗಳ ಉದ್ದ 1.5 ಮೀಟರ್. ವರದಿಯನ್ನು ನಂಬಿದ್ದರೆ ಬೋಲ್ಟುಗಳು ಬಿರುಕಿನ ಕೆಳಗಿನ ಸಡಿಲ ಬಂಡೆಯಲ್ಲೇ ಕೊನೆಗೊಂಡು, ಅದರೊಂದಿಗೇ ಜೋತಾಡುತ್ತಿದ್ದವು.

ಈ ತಂತ್ರಕ್ಕೇ ಇರುವ ಮಿತಿಗಳಿಗೆ ಸಂಸ್ಥೆಯನ್ನು ದೂರುವುದು ಸರಿಯಲ್ಲ. ಉಕ್ಕಿನ ಜಾಲರಿಯ ಹಿಂದೆ ಏನಿದೆಯೆಂದು ಅದು ಕಾಣದು, ಒದ್ದೆ ಜೇಡಿ ಅಲೆಯನ್ನು ನುಂಗಿಬಿಡುತ್ತದೆ, ನೆಟ್ಟಗೆ ಮೇಲಕ್ಕೆ ಹೋಗುವ ಬಿರುಕು ಬಹುಪಾಲು ತಪ್ಪಿಸಿಕೊಳ್ಳುತ್ತದೆ. ಕೋಲಾರದ ಚಿನ್ನದ ಗಣಿಗಳನ್ನು ಕಾಡಿದ ಶಿಲಾಸ್ಫೋಟದಂಥದ್ದರ, ಅಂದರೆ ಒತ್ತಡಕ್ಕೆ ಸಿಕ್ಕ ಬಂಡೆ ಒಮ್ಮೆಲೇ ಸಿಡಿಯುವುದರ, ಸುಳಿವನ್ನು ಇದರಿಂದ ನಿರೀಕ್ಷಿಸಲಾಗದು. ಅದಕ್ಕೆ ಬೇಕಾದುದು ಭೂಕಂಪನ ಮಾಪಕಗಳು.

ಇದೇ ಸಂಸ್ಥೆಯನ್ನು ಮತ್ತೆ ಕರೆಯಲು ನನ್ನ ಅಡ್ಡಿಯಿಲ್ಲ. ಆದರೆ ಸಮೀಕ್ಷೆಗೆ ಮೊದಲೇ ಪ್ರತಿ ಸುರಂಗದಲ್ಲಿ ಒಂದು ರಂಧ್ರ ಕೊರೆದು ವೇಗವನ್ನು ಅಳೆಯಬೇಕು ಎಂಬ ಷರತ್ತು ಈ ಬಾರಿ ಕರಾರಿನಲ್ಲೇ ಇರುತ್ತದೆ.