ರೂಮಾ, ಬಿವಿ ಬ್ಯಾಗಾ? ಒಂದೇ ದಾರಿಯಲ್ಲಿ ಎರಡು ಸಲ 600 ಕಿ.ಮೀ.

ಬ್ರೆವೆ, ಅಂದರೆ ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ, ರೇಸ್ ಅಲ್ಲ, ನಿಜ. ಆದರೂ 600 ಕಿ.ಮೀ.ಗೆ ಕೊಡುವುದು 40 ಗಂಟೆ, ನಾವು ಮಲಗಿದರೂ ಗಡಿಯಾರ ಓಡುತ್ತಲೇ ಇರುತ್ತದೆ. ದೊಡ್ಡ ರೇಸಿಗೆ ಹೋಗುವ ಮುಂಚೆ ರಾತ್ರಿ ಎಲ್ಲಿ ಮಲಗುವುದು ಅನ್ನೋದು ತೀರ್ಮಾನ ಆಗಬೇಕಿತ್ತು. ಅದಕ್ಕೇ ಒಂದೇ ದಾರಿಯನ್ನು ಎರಡು ಸಲ ತುಳಿದೆ. ಒಮ್ಮೆ ರೂಮ್ ಬುಕ್ ಮಾಡಿ, ಇನ್ನೊಮ್ಮೆ ಬಿವಿ ಬ್ಯಾಗ್ (ಬಯಲಲ್ಲೇ ಒಳಗೆ ತೂರಿ ಮಲಗುವ ಹಗುರ ಚೀಲ) ಕಟ್ಟಿಕೊಂಡು.

ಸೈಕಲ್ ಮೇಲೆ ಕಳೆದದ್ದು ಎರಡು ಸಲವೂ ಸುಮಾರು 27 ಗಂಟೆ. ಮುಗಿಸಿದ್ದು ಮಾತ್ರ ಮೊದಲು 37ರಲ್ಲಿ, ಆಮೇಲೆ 34ರಲ್ಲಿ. ಈ 3 ಗಂಟೆಯನ್ನು ಕಾಲಿನ ಬಲದಿಂದಲೇ ಉಳಿಸಬೇಕು ಅಂದರೆ ಗಂಟೆಗೆ 22 ಕಿ.ಮೀ. ಬದಲು 25 ಹೋಗಬೇಕು. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಷ್ಟು ಏರುತ್ತದೆ. ಲೆಕ್ಕ ಹಾಕಿದರೆ 40 ಶೇಕಡಕ್ಕಿಂತ ಜಾಸ್ತಿ. ನನ್ನ ಕೈಲಂತೂ ಆಗದು.

ರೂಮಿನಲ್ಲಿದ್ದದ್ದು 5 ಗಂಟೆ, ನಿದ್ದೆ ಮಾಡಿದ್ದು 3. ಕೀ ಕೊಡುವವರನ್ನು ಎಬ್ಬಿಸಿದೆ, ಸೈಕಲನ್ನು ಮೆಟ್ಟಿಲು ಹತ್ತಿಸಿದೆ, ಸ್ನಾನ ಮಾಡಿದೆ, ಲೈಟು ಚಾರ್ಜಿಗೆ ಹಾಕಿದೆ. ಎದ್ದ ಮೇಲೆ ಒದ್ದೆ ಬಿಬ್ ಶಾರ್ಟ್ಸ್ (ಭುಜಪಟ್ಟಿ ಇರುವ ಸೈಕಲ್ ಚಡ್ಡಿ) ಕೈಯಲ್ಲಿ ಹಿಡಿದು ಮಂಚದ ತುದಿಯಲ್ಲಿ ಎಷ್ಟೋ ಹೊತ್ತು ಸುಮ್ನೆ ಕೂತಿದ್ದೆ.

ಬಿವಿಯಲ್ಲಿ ಒಟ್ಟು 2 ಗಂಟೆ 20 ನಿಮಿಷ, ಅದರಲ್ಲಿ ಮುಕ್ಕಾಲುಪಾಲು ನಿದ್ದೆ. ಬಸ್ ಸ್ಟಾಪಿನ ಕಲ್ಲುಬೆಂಚಿನ ಹಿಂದೆ ಹಾಸಿ, ಶೂ ಬಿಚ್ಚಿ ಒಳಗೆ ತೂರಿಕೊಂಡೆ. ಅಲಾರಂಗಿಂತ ಮುಂಚೆ ಚಳಿಯೇ ಎಬ್ಬಿಸಿತು. ಬ್ಯಾಗಿನ ಒಳಮೈ ನನ್ನ ಉಸಿರಿನಿಂದಲೇ ತೇವವಾಗಿತ್ತು. ಹತ್ತು ನಿಮಿಷದಲ್ಲಿ ರಸ್ತೆಗೆ ಬಂದೆ. ಆದರೆ ತೊಳೆಯದ ಮೈಗೆ ಸೀಟು ಉಜ್ಜಿ, ಕೊನೆಯ 100 ಕಿ.ಮೀ. ನಿಂತು ತುಳಿಯಬೇಕಾಯಿತು. ಒಂದು ರಾತ್ರಿಯ ಪಯಣಕ್ಕೆ ಬಿವಿ ಸಾಕು. ಮೂರ್ನಾಲ್ಕು ರಾತ್ರಿ ಇದ್ದರೆ, ಇಲ್ಲವೇ ಮಳೆ ಇದ್ದರೆ, ನಾನು ಮಧ್ಯೆ ಒಂದು ರಾತ್ರಿಯಾದರೂ ರೂಮ್ ಮಾಡುತ್ತೇನೆ.

ಜಿಪಿಎಸ್ ಫೈಲ್ ಬಿಡಿಸಿ ನೋಡಿದಾಗ ಗೊತ್ತಾದದ್ದೇ ಬೇರೆ. ನಿದ್ದೆ ಬಿಟ್ಟು, ಬರೀ ಹಗಲಿನ ಸಣ್ಣಪುಟ್ಟ ನಿಲುಗಡೆಗಳೇ ಎರಡು ಸಲವೂ ಹತ್ತಿರ ಹತ್ತಿರ 5 ಗಂಟೆ ತಿಂದಿದ್ದವು! ಜಾಕೆಟ್ ಬಿಚ್ಚಲು ಒಂದು ಸಲ, ನೀರಿಗೆ ಇನ್ನೊಂದು, ಫೋನಿಗೆ ಮತ್ತೊಂದು. ಇದನ್ನು ಉಳಿಸಲು ನಿದ್ದೆಗೆಡಬೇಕಿಲ್ಲ, ಅಲ್ವಾ?

ಮುಂದಿನ 400 ಕಿ.ಮೀ. ಬ್ರೆವೆಯಲ್ಲಿ ಟಾಪ್‌ಟ್ಯೂಬಿಗೆ (ಸೀಟಿನ ಮುಂದಿನ ಮೇಲಿನ ಕೊಳವೆ) ಬಿಳಿ ಟೇಪ್ ಅಂಟಿಸಿ, ಕಾರ್ಡಿಗೆ ಸೀಲು ಹಾಕಿಸುವ ಪ್ರತಿ ಕಂಟ್ರೋಲ್‌ಗೂ ಐದು ಕಿ.ಮೀ. ಮುಂಚೆ ಮಾಡಬೇಕಾದ್ದನ್ನು ಓದಿಕೊಂಡೆ: ಸೀಲು, ನೀರು, ತಿಂಡಿ ಜೇಬಿಗೆ. ಕೂರುವುದಿಲ್ಲ, ತಿನ್ನುವುದು ಸೈಕಲ್ ಮೇಲೇ. ಮೊದಲು ಅರ್ಧ ಗಂಟೆ ಹಿಡಿಯುತ್ತಿದ್ದ ನಿಲುಗಡೆ 9 ನಿಮಿಷಕ್ಕೆ ಇಳಿಯಿತು.