ಹೆದ್ದಾರಿಯ ಕೆಂಪು ಹುಡಿ, ಸೈಕಲ್ ಮತ್ತು ನಿಯೋಪ್ರಿನ್ ಮಾಸ್ಕ್: ಮೂರು ಬೇಸಗೆಯ ಬಳಕೆಯ ಬಳಿಕ

ಮೊದಲೇ ಹೇಳಿಬಿಡುತ್ತೇನೆ. ರಸ್ತೆಯ ಧೂಳಿಗೆ ಈ ಮಾಸ್ಕ್ ಒಳ್ಳೆಯದು, ಬಸ್ಸಿನ ಹೊಗೆಗೆ ಅರ್ಧಂಬರ್ಧ. ನಮ್ಮ ಕರಾವಳಿಯ ಸೆಕೆಯ ಬಗ್ಗೆ ಮಾತ್ರ ಇದನ್ನು ಮಾಡಿದವರು ಯೋಚಿಸಿದ ಹಾಗೆ ಕಾಣುವುದಿಲ್ಲ. ಮೂರು ಬೇಸಗೆ ಇದನ್ನು ಕಟ್ಟಿಕೊಂಡು ಸೈಕಲ್ ತುಳಿದ ಮೇಲೆ ಬರೆಯುತ್ತಿದ್ದೇನೆ, ಪಾರ್ಸೆಲ್ ಬಿಚ್ಚಿದ ದಿನದ ಉಮೇದಿನಲ್ಲಿ ಅಲ್ಲ. ಕಂಪೆನಿಯ ಹೆಸರು ಹಾಕಿಲ್ಲ. ಇದೇ ಅಚ್ಚಿನ ಮಾಲು ಐದಾರು ಹೆಸರಿನಲ್ಲಿ ಸಿಗುತ್ತದೆ, ಗುಣದೋಷ ಎಲ್ಲದಕ್ಕೂ ಹೆಚ್ಚುಕಡಿಮೆ ಒಂದೇ.

ನನ್ನ ದಾರಿ ಮೊಗ್ರಾಲ್ ಪುತ್ತೂರಿನಿಂದ ವಿದ್ಯಾನಗರದ ಹತ್ತಿರದ ಶಾಲೆಗೆ. ಚೌಕಿ, ಅಡ್ಕತ್ತಬೈಲು, ಕರಂದಕ್ಕಾಡು, ಕಾಸರಗೋಡು ಹೊಸ ಬಸ್ ನಿಲ್ದಾಣ, ನುಳ್ಳಿಪ್ಪಾಡಿ, ಅಣಂಗೂರು. ಈ ಹೆಸರುಗಳ ಪರಿಚಯ ಇದ್ದವರಿಗೆ ರಾಷ್ಟ್ರೀಯ ಹೆದ್ದಾರಿ 66 ಷಟ್ಪಥವಾಗುತ್ತಿದ್ದ ಕಾಲದಲ್ಲಿ ಇಲ್ಲಿನ ಅವಸ್ಥೆ ಹೇಗಿತ್ತೆಂದು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುವುದಾದರೆ, ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಉದ್ದಕ್ಕೂ ಗುಡ್ಡ ಕಡಿದರು, ಮುರಕಲ್ಲಿನ ಮಣ್ಣನ್ನು ಟಿಪ್ಪರುಗಳಲ್ಲಿ ತಂದು ತಗ್ಗಿಗೆ ಸುರಿದರು, ಹಳೆ ಡಾಮರನ್ನು ಕಿತ್ತು ಪಕ್ಕಕ್ಕೆ ರಾಶಿ ಹಾಕಿದರು. ನೀರಿನ ಟ್ಯಾಂಕರ್ ಬಂದು ರಸ್ತೆ ನೆನೆಸಿ ಹೋದರೆ ಅರ್ಧ ಗಂಟೆಯ ಸಮಾಧಾನ, ಆಮೇಲೆ ಪುನಃ ಕೆಂಪು ಹುಡಿ. ಕಾರಿನವರು ಗಾಜು ಏರಿಸಿದರು, ಬಸ್ಸಿನವರು ಶಟರ್ ಇಳಿಸಿದರು. ಸೈಕಲಿನವನಿಗೆ ಇದ್ದದ್ದು ಒಂದು ಬೈರಾಸು.

ಬೈರಾಸು ಸುತ್ತಿಕೊಂಡು ಹೋಗುವವರು ಈಗಲೂ ಬೇಕಾದಷ್ಟು ಜನ ಇದ್ದಾರೆ. ಕಣ್ಣಿಗೆ ಕಾಣುವ ಮಣ್ಣನ್ನು ಅದು ತಡೆಯುತ್ತದೆ, ಸರಿ. ಆದರೆ ಹತ್ತು ಮೈಕ್ರಾನಿಗಿಂತ ದಪ್ಪದ ಕಣಗಳು ಬಹುಪಾಲು ಮೂಗು ಗಂಟಲಿನಲ್ಲೇ ಸಿಕ್ಕಿಬೀಳುವಂಥವು, ಅವಕ್ಕೆ ಬೈರಾಸು ಇಲ್ಲದಿದ್ದರೂ ನಡೆದೀತು. ಶ್ವಾಸಕೋಶದ ತಳದವರೆಗೆ ಇಳಿಯುವುದು ಎರಡೂವರೆ ಮೈಕ್ರಾನಿಗಿಂತ ಸಣ್ಣವು, ಪಿಎಂ 2.5 ಎನ್ನುತ್ತಾರಲ್ಲ, ಅವು. ನೇಯ್ದ ಬಟ್ಟೆಯ ಎಳೆಗಳ ನಡುವಿನ ಸಂದಿ ಅವಕ್ಕೆ ಧಾರಾಳ ಸಾಕು. ಹೆದ್ದಾರಿ ಕೆಲಸದಲ್ಲಿ ಮುರಕಲ್ಲಿನ ಹುಡಿ ಮಾತ್ರ ಏಳುವುದೂ ಅಲ್ಲ. ಕರಿಕಲ್ಲಿನ ಜಲ್ಲಿಹುಡಿ, ಎಂ ಸ್ಯಾಂಡ್, ಸಿಮೆಂಟು ಎಲ್ಲ ಸೇರಿರುತ್ತದೆ, ಕರಿಕಲ್ಲಿನ ಹುಡಿಯಲ್ಲಿ ಶ್ವಾಸಕೋಶಕ್ಕೆ ಕೆಡುಕಾದ ಸಿಲಿಕ ಇರುತ್ತದೆ. ಅದರ ಮೇಲೆ, ಏರು ತುಳಿಯುವಾಗ ಯಾರೂ ಬಾಯಿ ಮುಚ್ಚಿ ಉಸಿರಾಡುವುದಿಲ್ಲ. ಕುರ್ಚಿಯಲ್ಲಿ ಕೂತವನು ನಿಮಿಷಕ್ಕೆ ಆರೆಂಟು ಲೀಟರ್ ಗಾಳಿ ಎಳೆದರೆ ಸೈಕಲ್ ತುಳಿಯುವವನು ಅದರ ಐದಾರು ಪಟ್ಟು ಎಳೆಯುತ್ತಾನೆ.

ಮಾಸ್ಕಿನ ರಚನೆ ಹೀಗೆ. ಹೊರಗಡೆ ನಿಯೋಪ್ರಿನ್ ಎಂಬ ಮೆತ್ತನೆಯ ರಬ್ಬರ್ ಹಾಳೆ. ಕಿವಿಯ ಕೆಳಗಿನಿಂದ ಹಾದು ಹಿಂಗುತ್ತಿಗೆಯಲ್ಲಿ ಅಂಟುವ ವೆಲ್ಕ್ರೋ ಪಟ್ಟಿ. ಒಳಗೆ ತೆಗೆದು ಹಾಕಬಹುದಾದ ಫಿಲ್ಟರ್, ಮೂಗಿನ ಮೇಲೆ ಬಗ್ಗಿಸಬಹುದಾದ ಅಲ್ಯೂಮಿನಿಯಂ ತಗಡು, ಉಸಿರು ಹೊರಬಿಡಲು ಕೆನ್ನೆಗೊಂದರಂತೆ ಎರಡು ವಾಲ್ವ್. ಆನ್‌ಲೈನಿನಲ್ಲಿ ತರಿಸಿದಾಗ ಎರಡು ಸಾವಿರ ರೂಪಾಯಿಗೆ ತುಸು ಕಡಿಮೆ ಬಿದ್ದಿತ್ತು.

ಜಾಹೀರಾತಿನವರು ಹೊಗಳುವುದು ಫಿಲ್ಟರನ್ನು. ನಿತ್ಯ ಹಾಕುವವನಿಗೆ ತಲೆನೋವು ಕೊಡುವುದು ಅಂಚು. ಮೊದಲ ಬೇಸಗೆಯಲ್ಲಿ ಫಿಲ್ಟರ್ ಬದಲಿಸುವಾಗ ಹಳೆಯದನ್ನು ಪೇಪರಿನ ಮೇಲೆ ಬಿಡಿಸಿ ಬೆಳಕಿಗೆ ಹಿಡಿದೆ. ಹೊರಮೈ ಪೂರ್ತಿ ಮುರಕಲ್ಲಿನ ಬಣ್ಣಕ್ಕೆ ತಿರುಗಿತ್ತು, ವಾಲ್ವ್ ಕೂರುವಲ್ಲಿ ಮಾತ್ರ ದುಂಡಗಿನ ಎರಡು ಬಿಳಿ ಗುರುತು. ತಿರುಗಿಸಿದರೆ ಒಳಮೈ ಬೆಳ್ಳಗೇ ಇತ್ತು. ಆದರೆ ಮೂಗಿನ ಎಡಕ್ಕೂ ಬಲಕ್ಕೂ, ತಗಡು ಮುಗಿಯುವ ಜಾಗದಿಂದ ಓರೆಯಾಗಿ ಇಳಿದ ಸಪೂರದ ಎರಡು ಕೆಂಪು ಗೆರೆ. ಸಂಜೆ ಮನೆಗೆ ಬಂದು ಮುಖ ತೊಳೆಯುವ ಮೊದಲು ಬಿಳಿ ಕರವಸ್ತ್ರ ಒತ್ತಿ ನೋಡಿದೆ, ಅದೇ ಎರಡು ಗೆರೆ ಅದರಲ್ಲೂ ಮೂಡಿತು. ಹುಡಿ ಫಿಲ್ಟರನ್ನು ದಾಟಿ ಬಂದದ್ದಲ್ಲ, ಪಕ್ಕದಿಂದ ನುಗ್ಗಿದ್ದು. ಕೆಂಪು ಮಣ್ಣಿನ ಊರಿನವರಿಗೆ ಇದೊಂದು ಅನುಕೂಲ ಎನ್ನಬೇಕು, ಡೆಲ್ಲಿಯವನ ಕಣ್ಣಿಗೆ ಬೀಳದ ಸೋರಿಕೆ ನಮಗೆ ಬಣ್ಣದಲ್ಲೇ ಕಾಣುತ್ತದೆ.

ಕಾರಣ ಸೈಜು. ಮಾರುವವರ ಪಟ್ಟಿಯಲ್ಲಿ ಮುಖದ ಅಳತೆ ಇರಲಿಲ್ಲ, ದೇಹದ ತೂಕ ನೋಡಿ ಆರಿಸಿ ಎಂದಿತ್ತು. ಹೊಟ್ಟೆ ಬಂದವನ ಮೂಗೂ ದೊಡ್ಡದಾಗುತ್ತದೆ ಎಂದು ಯಾರು ಹೇಳಿದರೋ. ಬದಲಿಸಿ ಕೊಡಿ ಎಂದರೆ ಮುಖಕ್ಕೆ ಹಾಕಿದ ಮಾಲು ಹಿಂದೆ ತೆಗೆದುಕೊಳ್ಳುವುದಿಲ್ಲ ಎಂದರು. ಅದು ನ್ಯಾಯವೇ, ಆದರೆ ಪಟ್ಟಿ ಸರಿ ಇದ್ದಿದ್ದರೆ ಆ ಮಾತೇ ಬರುತ್ತಿರಲಿಲ್ಲ. ಸಣ್ಣ ಸೈಜಿನ ಇನ್ನೊಂದು ತರಿಸಿದೆ, ಗೆರೆ ಮುಕ್ಕಾಲು ಪಾಲು ಹೋಯಿತು. ಉಳಿದ ಕಾಲು ಪಾಲು ಹೋದದ್ದು ತಗಡನ್ನು ಒಂದೇ ಕೈಯಲ್ಲಿ ಚಿವುಟುವುದನ್ನು ಬಿಟ್ಟು, ಎರಡೂ ಕೈಯ ಬೆರಳುಗಳಿಂದ ಮೂಗಿನ ಬದಿಗೆ ಒತ್ತುತ್ತ ಹೋದ ಮೇಲೆ. ಹಾಕಿದ ಕೂಡಲೇ ಒಮ್ಮೆ ಜೋರಾಗಿ ಉಸಿರು ಬಿಡಬೇಕು. ಕಣ್ಣಿಗೆ ಗಾಳಿ ತಾಗಿದರೆ, ಕನ್ನಡಕ ಮಂಜಾದರೆ, ಅಂಚು ಕೂತಿಲ್ಲ ಎಂದೇ ಲೆಕ್ಕ. ಗಡ್ಡ ಇದ್ದವರು ಈ ದುಡ್ಡು ಉಳಿಸಿಕೊಳ್ಳುವುದು ಒಳ್ಳೆಯದು. ನಮ್ಮ ಶಾಲೆಯ ಒಬ್ಬರು ಮಾಷ್ಟ್ರು ಇದೇ ಮಾಸ್ಕ್ ತರಿಸಿದ್ದರು. ಶಬರಿಮಲೆಗೆ ಮಾಲೆ ಹಾಕಿ ಗಡ್ಡ ಬಿಟ್ಟ ದಿನಗಳಲ್ಲಿ ಅವರ ಮಾಸ್ಕ್ ಬರೀ ಅಲಂಕಾರಕ್ಕೆ ಇದ್ದದ್ದು. ಧೂಳು ಜೋರಾಗಿರುವುದೂ ಅದೇ ಡಿಸೆಂಬರ್, ಜನವರಿಯಲ್ಲಿ, ಏನು ಮಾಡುವುದು.

ಫಿಲ್ಟರಿನ ಮೇಲೆ ಎನ್95 ಎಂದೋ ಎಫ್‌ಎಫ್‌ಪಿ2 ಎಂದೋ ಬರೆದಿರುತ್ತದೆ. ಮೊದಲನೆಯದು ಅಮೆರಿಕದ ನಿಯೋಶ್ ಸಂಸ್ಥೆಯ ಮಾನಕ: ಸುಮಾರು 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇಕಡಾ 95ನ್ನಾದರೂ ತಡೆಯಬೇಕು. ಎರಡನೆಯದು ಯುರೋಪಿನದು, ಅದರ ಗೆರೆ ಶೇಕಡಾ 94. ನಮ್ಮ ಬಿಐಎಸ್‌ನವರ (ಭಾರತೀಯ ಮಾನಕ ಬ್ಯೂರೋ) ಐಎಸ್ 9473ರಲ್ಲೂ ಎಫ್‌ಎಫ್‌ಪಿ ವರ್ಗಗಳೇ ಇವೆ. 0.3 ಯಾಕೆಂದರೆ, ದೊಡ್ಡ ಕಣ ನೇರ ಬಂದು ಎಳೆಗೆ ಬಡಿದು ನಿಲ್ಲುತ್ತದೆ, ತೀರಾ ಸಣ್ಣದು ಅತ್ತಿತ್ತ ಓಲಾಡುತ್ತ ಎಲ್ಲಾದರೂ ತಾಗಿ ಅಂಟಿಕೊಳ್ಳುತ್ತದೆ, ನಡುವಿನ ಈ ಗಾತ್ರದ್ದೇ ನುಸುಳುವುದರಲ್ಲಿ ನಿಸ್ಸೀಮ. ಅದನ್ನು ಹಿಡಿಯುವುದು ಪಾಲಿಪ್ರೊಪಿಲೀನ್ ಎಳೆಗಳಲ್ಲಿ ತುಂಬಿಸಿಟ್ಟ ಸ್ಥಾಯೀ ವಿದ್ಯುತ್ತು. ಸೋಪುನೀರು ತಾಗಿದರೆ, ಸ್ಯಾನಿಟೈಸರ್ ಸಿಂಪಡಿಸಿದರೆ ಆ ವಿದ್ಯುತ್ತು ಇಳಿದುಹೋಗುತ್ತದೆ. ನೋಡಲಿಕ್ಕೆ ಫಿಲ್ಟರ್ ಚೊಕ್ಕ, ಕೆಲಸಕ್ಕೆ ಬರೀ ಬಟ್ಟೆ. ಆದ್ದರಿಂದ ಹೊರಗಿನ ನಿಯೋಪ್ರಿನ್ ಒಗೆಯಬಹುದು, ಒಳಗಿನ ಫಿಲ್ಟರ್ ಒಗೆಯುವಂತಿಲ್ಲ. ‘ವಾಷೆಬಲ್’ ಎಂದು ದೊಡ್ಡದಾಗಿ ಅಚ್ಚು ಹಾಕಿದ್ದನ್ನು ಕಂಡರೆ ಏನು ವಾಷೆಬಲ್ ಎಂದು ಕೇಳಿಕೊಳ್ಳಿ. ಮಾನಕದ ಸಂಖ್ಯೆಯೇ ಇಲ್ಲದೆ ಸುಮ್ಮನೆ ‘ಪಿಎಂ 2.5 ಮಾಸ್ಕ್’ ಎಂದು ಮಾರುವುದನ್ನು ಮುಟ್ಟಲೇಬೇಡಿ. ಇನ್ನು, ಆ 95 ಎನ್ನುವುದು ಫಿಲ್ಟರಿನ ಬಟ್ಟೆಗೆ ಕೊಟ್ಟ ಅಂಕ. ನನ್ನ ಮುಖದ ಮೇಲಿನ ಎರಡು ಗೆರೆಗಳಿಗೆ ಯಾರೂ ಅಂಕ ಕೊಟ್ಟಿಲ್ಲ.

ಹೊಗೆಯ ಲೆಕ್ಕ ಬೇರೆ. ಡೀಸೆಲ್ ಹೊಗೆಯ ಮಸಿಯೂ ಕಣವೇ, ಅದನ್ನು ಈ ಫಿಲ್ಟರ್ ಹಿಡಿಯುತ್ತದೆ. ಆದರೆ ಕಾರ್ಬನ್ ಮೊನಾಕ್ಸೈಡ್, ನೈಟ್ರೋಜನ್ ಡೈಆಕ್ಸೈಡ್ ಅನಿಲಗಳು. ಅವಕ್ಕೆ ಕಣದ ಫಿಲ್ಟರ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹಾಗಾದರೆ ಒಳಗಿರುವ ಆಕ್ಟಿವೇಟೆಡ್ ಕಾರ್ಬನ್ ಪದರ ಎಂತಕ್ಕೆ? ಪೆಟ್ರೋಲಿನ ಆವಿ, ಡಾಮರಿನ ಘಾಟು ಮುಂತಾದ್ದನ್ನು ಅದು ಒಂದಿಷ್ಟು ಹೀರಿಕೊಳ್ಳುತ್ತದೆ, ಕಾರ್ಬನ್ ಮೊನಾಕ್ಸೈಡನ್ನು ಹೀರುವುದಿಲ್ಲ. ಪದರ ತೆಳು, ಬೇಗ ತುಂಬಿಹೋಗುತ್ತದೆ. ಹೊಸ ಫಿಲ್ಟರ್ ಹಾಕಿದ ವಾರ ಹೊಸ ಬಸ್ ನಿಲ್ದಾಣದ ಎದುರು ನಿಂತರೆ ವಾಸನೆ ಕಡಿಮೆ ಇರುತ್ತಿತ್ತು, ಎರಡು ವಾರ ಕಳೆದರೆ ಯಾವ ಬಸ್ಸು ಹಳತು ಎಂದು ಕಣ್ಣು ಮುಚ್ಚಿ ಹೇಳಬಹುದಿತ್ತು. ಬಸ್ಸಿನ ಹಿಂಭಾಗಕ್ಕೆ ಅಂಟಿಕೊಂಡು ನಿಲ್ಲದೆ ಹತ್ತು ಮಾರು ಹಿಂದೆ ನಿಲ್ಲುವುದರಿಂದ ಆಗುವ ಉಪಕಾರ ಆ ಪದರದಿಂದ ನನಗೆ ಆಗಿಲ್ಲ.

ಈಗ ಸೆಕೆಯ ಕಥೆ. ತಣ್ಣೀರಿನಲ್ಲಿ ಮುಳುಗುವವರು ಮೈ ಬೆಚ್ಚಗಿರಲಿ ಎಂದು ಹಾಕುವ ಅಂಗಿಯನ್ನು ಮಾಡುವುದು ಇದೇ ನಿಯೋಪ್ರಿನಿನಿಂದ. ಅದನ್ನು ಏಪ್ರಿಲ್ ತಿಂಗಳಲ್ಲಿ ಕಾಸರಗೋಡಿನಲ್ಲಿ ಮುಖಕ್ಕೆ ಕಟ್ಟಿಕೊಂಡರೆ ಏನಾದೀತು? ಚೌಕಿಯ ತೋಟಬೆಳೆ ಸಂಶೋಧನಾ ಕೇಂದ್ರದ ತೆಂಗಿನ ತೋಟದ ನೆರಳು ಮುಗಿಯುವುದರೊಳಗೆ ಗಲ್ಲದ ಕೆಳಗೆ ಬೆವರಿನ ಮಡು. ವಾಲ್ವ್ ಇರುವುದರಿಂದ ಉಸಿರು ಬಿಡುವುದು ಕಷ್ಟವಿಲ್ಲ, ಎಳೆಯುವುದೇ ಕಷ್ಟ. ಅದೂ ಫಿಲ್ಟರ್ ತೇವವಾದ ಮೇಲೆ ಒದ್ದೆ ಬೈರಾಸಿನ ಮೂಲಕ ಉಸಿರೆಳೆದ ಹಾಗೆ. ಅಣಂಗೂರಿನ ಏರಿನಲ್ಲಿ ಎಷ್ಟೋ ಸಲ ಮಾಸ್ಕನ್ನು ಗಲ್ಲಕ್ಕೆ ಎಳೆದುಕೊಂಡೇ ತುಳಿದಿದ್ದೇನೆ, ಹೆಚ್ಚು ಉಸಿರು ಬೇಕಾಗುವುದೂ ಅಲ್ಲಿಯೇ. ಅಸ್ತಮಾ, ಹೃದಯದ ತೊಂದರೆ ಇರುವವರು ಡಾಕ್ಟರರನ್ನು ಕೇಳದೆ ಇದನ್ನು ಹಾಕಿಕೊಂಡು ಏರು ಹತ್ತಬಾರದು.

ವಾಲ್ವಿನ ಬಗ್ಗೆ ಯಾರೂ ಹೇಳದ ಒಂದು ಸಂಗತಿ ಉಂಟು. ಒಳಗಿರುವುದು ತೆಳ್ಳನೆಯ ರಬ್ಬರಿನ ಬಿಲ್ಲೆ. ಉಸಿರು ಬಿಟ್ಟಾಗ ಏಳುತ್ತದೆ, ಎಳೆದಾಗ ಮುಚ್ಚಿಕೊಳ್ಳುತ್ತದೆ. ಅದರ ಅಡಿಗೆ ಒಂದು ಹರಳು ಮರಳು ಸಿಕ್ಕಿದರೆ ಮುಚ್ಚುವುದು ನಿಂತುಹೋಗಿ ಹೊರಗಿನ ಗಾಳಿ ಸೀದಾ ಬಾಯಿಗೆ. ಅಂಥ ಹೊತ್ತಿನಲ್ಲಿ ಉಸಿರಾಟ ತಟ್ಟನೆ ಹಗುರಾಗುತ್ತದೆ. ಹಗುರಾಯಿತೆಂದು ಸಂತೋಷಪಡದೆ ಮುಚ್ಚಳ ತಿರುಗಿಸಿ ಬಿಲ್ಲೆ ಒರೆಸಬೇಕು. ವಾರಕ್ಕೊಮ್ಮೆ ಮೆತ್ತನೆಯ ಬ್ರಷ್ಷಿನಿಂದ ಒರೆಸುವುದು ನನ್ನ ಅಭ್ಯಾಸ.

ಮಳೆಗಾಲಕ್ಕೆ ಇದರ ಅಗತ್ಯವೇ ಇಲ್ಲ, ಧೂಳು ಕೆಸರಾಗಿರುತ್ತದೆ. ಆದರೆ ಇಡುವುದೆಲ್ಲಿ ಎನ್ನುವುದು ದೊಡ್ಡ ಪ್ರಶ್ನೆ. ಕಪಾಟಿನಲ್ಲಿಟ್ಟ ಒಂದು ಮಾಸ್ಕಿಗೆ ಆಟಿ ತಿಂಗಳಲ್ಲಿ ಬೂಷ್ಟು ಹಿಡಿದು ಒಳಭಾಗ ಪೂರ್ತಿ ಕಪ್ಪು ಚುಕ್ಕೆ. ಮನೆಯವಳು ಅದನ್ನು ಕೋಲಿನ ತುದಿಯಲ್ಲಿ ಎತ್ತಿ, “ಇದನ್ನು ಇನ್ನು ಮೂಗಿಗೆ ಹಾಕುತ್ತೀರಾ?” ಎಂದಳು. ಈಗ ಮೇ ಕೊನೆಗೆ ಒಗೆದು, ಬಿಸಿಲಿಗೆ ಹಾಕಿ, ಅಕ್ಕಿಯ ಡಬ್ಬಿಯಂತೆ ಬಿಗಿ ಮುಚ್ಚಳ ಇರುವ ಡಬ್ಬಿಯಲ್ಲಿ ಇಡುತ್ತೇವೆ. ವೆಲ್ಕ್ರೋ ಎರಡನೆಯ ವರ್ಷಕ್ಕೆ ಸೋತಿತು, ದರ್ಜಿ ಹೊಸದು ಹೊಲಿದು ಕೊಟ್ಟ.

ಖರ್ಚು ಮಾಸ್ಕಿನದ್ದಲ್ಲ, ಫಿಲ್ಟರಿನದ್ದು. ಎರಡರ ಪ್ಯಾಕೆಟಿಗೆ ಐನೂರರ ಆಸುಪಾಸು. ನಮ್ಮ ಧೂಳಿನಲ್ಲಿ, ನಮ್ಮ ಬೆವರಿನಲ್ಲಿ, ಕಂಪೆನಿಯವರು ಹೇಳುವ ಅವಧಿಯ ಅರ್ಧ ಬಂದರೆ ಪುಣ್ಯ. ಮೇಲಾಗಿ ಒಂದು ಹೆಸರಿನ ಫಿಲ್ಟರ್ ಇನ್ನೊಂದಕ್ಕೆ ಕೂರುವುದಿಲ್ಲ, ವಾಲ್ವಿನ ತೂತು ಅಂಗುಲದ ಕಾಲುಭಾಗ ಆಚೀಚೆ ಇರುತ್ತದೆ. ಮಾಸ್ಕ್ ಕೊಳ್ಳುವ ಮೊದಲು ಅದರ ಫಿಲ್ಟರ್ ಬಿಡಿಯಾಗಿ ಸಿಗುತ್ತದೆಯೇ ಎಂದು ನೋಡಿ.

ಜನರ ಮಾತು ಇದ್ದದ್ದೇ. “ಎಂತ ಮಾಷ್ಟ್ರೇ, ಕೊರೊನ ಪುನಃ ಬಂತಾ?” ಎಂದು ಅಡ್ಕತ್ತಬೈಲಿನ ಚಹಾದಂಗಡಿಯಲ್ಲಿ ಕೇಳಿಸಿಕೊಂಡಿದ್ದೇನೆ. ದಾರಿಯುದ್ದಕ್ಕೂ ನಮಸ್ಕಾರ ಹೇಳುವ ಊರಿನಲ್ಲಿ ಮುಖ ಮುಚ್ಚಿ ಹೋಗುವವನು ಗರ್ವಿ ಎನಿಸಿಕೊಳ್ಳುತ್ತಾನೆ. ಎಲೆಯಡಿಕೆ ಹಾಕುವವರಿಗೆ ಈ ಮಾಸ್ಕ್ ಖಂಡಿತ ಹೇಳಿಸಿದ್ದಲ್ಲ, ಕಾರಣ ಬಿಡಿಸಿ ಹೇಳುವುದು ಬೇಡ.

ಸಮುದ್ರದ ಗಾಳಿ ಬೀಸುವ ಊರಿಗೆ ಮಾಸ್ಕ್ ಯಾಕೆ ಎಂದು ಕೇಳುವವರಲ್ಲಿ ಓದಿದವರೂ ಇದ್ದಾರೆ. ದಿನದ ಸರಾಸರಿಯಲ್ಲಿ ಅವರ ಮಾತು ಸರಿಯೇ ಇರಬಹುದು. 2009ರ ನಮ್ಮ ರಾಷ್ಟ್ರೀಯ ಮಾನಕದಲ್ಲಿ ಪಿಎಂ 2.5ಕ್ಕೆ 24 ಗಂಟೆಯ ಮಿತಿ ಘನಮೀಟರಿಗೆ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಎರಡೂ ಇಡೀ ದಿನದ ಲೆಕ್ಕ. ನಾನು ಟಿಪ್ಪರಿನ ಹಿಂದೆ ಇರುವುದು ಕೆಲವು ನಿಮಿಷ, ಆ ನಿಮಿಷಗಳ ಗಾಳಿ ಸರಾಸರಿಯ ಗಾಳಿಯಲ್ಲ. ಬೆಳಗ್ಗೆ ಕಡಲಗಾಳಿ ಇನ್ನೂ ಎದ್ದಿರುವುದಿಲ್ಲ, ಎದ್ದ ಹುಡಿ ಅಲ್ಲಲ್ಲೇ ತೂಗುತ್ತಿರುತ್ತದೆ. ಸಂಜೆ ಅದೇ ರಸ್ತೆ ಎಷ್ಟೋ ವಾಸಿ.

ಹೆದ್ದಾರಿಯ ಕೆಲಸ ಈಗ ಬಹುಪಾಲು ಮುಗಿದಿದೆ, ಸರ್ವಿಸ್ ರೋಡಿಗೆ ಡಾಮರು ಬಿದ್ದಿದೆ. ಮಾಸ್ಕಿನ ಉಪಯೋಗ ನನಗೆ ಅರ್ಧಕ್ಕಿಂತ ಕಡಿಮೆಯಾಗಿದೆ. ಇನ್ನೊಂದು ಕಾರಣ, ಹೊತ್ತಿದ್ದ ದಿನ ಕೂಡ್ಲು, ಉಳಿಯತ್ತಡ್ಕದ ಒಳರಸ್ತೆಯಲ್ಲಿ ಸುತ್ತಿ ವಿದ್ಯಾನಗರ ಸೇರುತ್ತೇನೆ. ದೂರ ಜಾಸ್ತಿ, ಏರಿಳಿತವೂ ಉಂಟು, ಆದರೆ ಮುಖ ಬಯಲಿಗೆ ಬಿಟ್ಟು ತುಳಿಯಬಹುದು. ಒಳರಸ್ತೆ ಸಿಗುವವರು ಮೊದಲು ಅದನ್ನು ಹಿಡಿಯಿರಿ, ಆಮೇಲೆ ಮಾಸ್ಕಿನ ಯೋಚನೆ.

ಹೆದ್ದಾರಿ ಬಿಟ್ಟು ಬೇರೆ ಗತಿಯಿಲ್ಲದವರಿಗೆ ನನ್ನ ಸಲಹೆ ನಿಯೋಪ್ರಿನ್ ಅಲ್ಲ. ಕಿವಿಗೆ ಸಿಕ್ಕಿಸುವ ಬಳ್ಳಿಯದ್ದಲ್ಲದೆ ತಲೆಯ ಹಿಂದಕ್ಕೆ ಎರಡು ಪಟ್ಟಿ ಬರುವ, ವಾಲ್ವ್ ಇರುವ ಸಾದಾ ಎಫ್‌ಎಫ್‌ಪಿ2 ಮಾಸ್ಕ್ ಸಾಕು. ಹಗುರ, ಒಣಗುವುದು ಬೇಗ, ಕೊಳೆಯಾದರೆ ಬಿಸಾಡಬಹುದು. ಕಳೆದ ಬೇಸಗೆ ನಾನೂ ಹೆಚ್ಚಾಗಿ ಅದನ್ನೇ ಹಾಕಿದ್ದು. ಎರಡು ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿದರೆ ಒಂದು ಒಣಗುವಾಗ ಇನ್ನೊಂದು ಕೆಲಸಕ್ಕೆ ಬರುತ್ತದೆ. ಹೆಲ್ಮೆಟಿನ ಪಟ್ಟಿಯ ಒಳಗಿನಿಂದ ಮಾಸ್ಕಿನ ಪಟ್ಟಿ ಹಾಯಿಸಿ, ಹೊರಗಿನಿಂದ ಹಾಕಿದರೆ ತಲೆ ತಿರುಗಿಸಿದಾಗ ಅಂಚು ಎದ್ದುಬಿಡುತ್ತದೆ.